ಕ್ರಿಸ್ಟೋಫರ್ ಅಲೆಕ್ಸಾಂಡರರ ನಗರವಿಚಾರ: ಒಂದು ವಿಮರ್ಶೆ

೧

ನಗರನಿರ್ಮಾಣವು ಕಲೆಯೋ ಶಾಸ್ತ್ರವೋ ಎಂಬ ಚರ್ಚೆ ಬಹಳ ಹಳೆಯದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರವು ವಿಶ್ವವಿದ್ಯಾನಿಲಯಗಳನ್ನು ಪ್ರವೇಶಿಸಿದ ಮೇಲೆ ಈ ಚರ್ಚೆಗೆ ಹೊಸ ರೂಪ ಬಂದಿತು. ನಗರದ ಜೀವನವನ್ನು ಸಮೀಕರಣಗಳಲ್ಲಿ ಹಿಡಿದಿಡಬಹುದೆಂದೂ, ಅದರ ಭವಿಷ್ಯವನ್ನು ಯಂತ್ರದೊಳಗೆ ಮುಂಚಿತವಾಗಿ ಕಂಡು ಬೇಕಾದಂತೆ ತಿದ್ದಬಹುದೆಂದೂ ಹಲವರು ವಿದ್ವಾಂಸರು ಭಾವಿಸಿದರು. ಈ ನಂಬಿಕೆಯ ಫಲವಾಗಿ ಹುಟ್ಟಿದ ಮಾದರಿಗಳು ಇಂದು ಭೂಗೋಳ, ಸಮಾಜಶಾಸ್ತ್ರ, ವಾಸ್ತುಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಸಿದ್ಧವಸ್ತುಗಳಾಗಿ ದೊರೆಯುತ್ತವೆ. ಅವುಗಳನ್ನು ಪ್ರಯೋಗಿಸುವ ಕ್ರಮವನ್ನು ಕಲಿಸುವಷ್ಟು ಶ್ರದ್ಧೆಯಿಂದ ಅವುಗಳ ಮೂಲದಲ್ಲಿರುವ ಪ್ರಶ್ನೆಗಳನ್ನು ನಾವು ಕಲಿಸುತ್ತಿಲ್ಲವೆಂಬುದು ಅಧ್ಯಾಪಕರು ಒಪ್ಪಬೇಕಾದ ಮಾತು.

ಆ ಮೂಲ ಪ್ರಶ್ನೆಗಳನ್ನು ವಿಚಾರಮಾಡುವುದಕ್ಕೆ ಕ್ರಿಸ್ಟೋಫರ್ ಅಲೆಕ್ಸಾಂಡರರ ಎರಡು ಕೃತಿಗಳನ್ನು ಇಲ್ಲಿ ಆರಿಸಿಕೊಂಡಿದೆ. ಒಂದು, ೧೯೬೪ರಲ್ಲಿ ಪ್ರಕಟವಾದ 'ನೋಟ್ಸ್ ಆನ್ ದಿ ಸಿಂಥೆಸಿಸ್ ಆಫ್ ಫಾರ್ಮ್' ಎಂಬ ಗ್ರಂಥ. ಇನ್ನೊಂದು, ಮರುವರ್ಷವೇ ಅಚ್ಚಾದ 'ಎ ಸಿಟಿ ಈಸ್ ನಾಟ್ ಎ ಟ್ರೀ' ಎಂಬ ಪ್ರಬಂಧ. ಈ ಆಯ್ಕೆಗೆ ಎರಡು ಕಾರಣಗಳುಂಟು. ಮೊದಲನೆಯ ಗ್ರಂಥವು ತನ್ನ ವಿಧಾನಕ್ಕೆ ವಿಸ್ತಾರವಾದ ಉದಾಹರಣೆಯಾಗಿ ಭಾರತದ ಒಂದು ಹಳ್ಳಿಯನ್ನೇ ತೆಗೆದುಕೊಂಡಿದೆ. ಎರಡನೆಯದರಲ್ಲಿ ಅದೇ ಗ್ರಂಥಕರ್ತರು ತಮ್ಮ ಮೊದಲ ವಿಧಾನದ ಬುಡವನ್ನೇ ಅಲುಗಿಸುವ ವಾದವನ್ನು ಹೂಡಿದ್ದಾರೆ. ತನ್ನ ತಪ್ಪನ್ನು ತಾನೇ ಕಂಡು ಹೇಳುವ ವಿದ್ವಾಂಸರು ವಿರಳ. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ಅವರು ಕಂಡುಕೊಂಡ ತಪ್ಪು ನಿಜವಾದ ತಪ್ಪಿನ ಅರ್ಧಭಾಗ ಮಾತ್ರವೆಂದು ನಮಗೆ ತೋರುತ್ತದೆ. ಇದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಅಲೆಕ್ಸಾಂಡರರು ೧೯೩೬ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗಣಿತವನ್ನೂ ವಾಸ್ತುಶಾಸ್ತ್ರವನ್ನೂ ಅಭ್ಯಾಸಮಾಡಿ, ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದವರು. ೨೦೨೨ರಲ್ಲಿ ತೀರಿಕೊಂಡರು. 'ನೋಟ್ಸ್' ಅವರ ಡಾಕ್ಟರೇಟ್ ಪ್ರಬಂಧದಿಂದ ರೂಪುಗೊಂಡ ಗ್ರಂಥ.

ಗ್ರಂಥದ ವಾದವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮನೆಯಾಗಲಿ ಪಾತ್ರೆಯಾಗಲಿ ಊರಾಗಲಿ, ಯಾವ ರೂಪವೂ ಒಂದು ಸಂದರ್ಭಕ್ಕೆ ಹೊಂದಿಕೊಂಡಿರಬೇಕು. ಹೊಂದಿಕೆಯನ್ನು ನೇರವಾಗಿ ವರ್ಣಿಸುವುದು ಕಷ್ಟ. ಹೊಂದದಿರುವುದನ್ನು ಗುರುತಿಸುವುದು ಸುಲಭ. ಒಳ್ಳೆಯ ಮೆಟ್ಟು ಯಾವುದೆಂದು ಕಾಲು ಹೇಳಲಾರದು, ಕಚ್ಚುವ ಮೆಟ್ಟನ್ನು ಮಾತ್ರ ಕೂಡಲೇ ತಿಳಿಸುತ್ತದೆ. ಆದುದರಿಂದ ರೂಪರಚನೆಯೆಂದರೆ ಹೊಂದದಿರುವ ಅಂಶಗಳನ್ನು ಒಂದೊಂದಾಗಿ ನಿವಾರಿಸುವ ಕಾರ್ಯ. ಪರಂಪರಾಗತ ಸಮಾಜಗಳಲ್ಲಿ ಈ ಕಾರ್ಯ ತಲೆಮಾರುಗಳ ಮೇಲೆ ನಿಧಾನವಾಗಿ, ತಾನಾಗಿ ನಡೆಯುತ್ತಿತ್ತು. ಸ್ಲೊವಾಕಿಯದ ರೈತರು ನೇಯುತ್ತಿದ್ದ ಶಾಲುಗಳ ದೃಷ್ಟಾಂತವನ್ನು ಅಲೆಕ್ಸಾಂಡರರು ಕೊಡುತ್ತಾರೆ. ಹಳೆಯ ಬಣ್ಣಗಳಿದ್ದಾಗ ಆ ಶಾಲುಗಳು ಸುಂದರವಾಗಿದ್ದುವು. ಹೊಸ ರಾಸಾಯನಿಕ ಬಣ್ಣಗಳು ಕೈಗೆ ಬಂದೊಡನೆ ಅವುಗಳ ಅಂದ ಕೆಟ್ಟಿತು. ನೇಯುವವರಲ್ಲಿದ್ದುದು ಸೃಷ್ಟಿಸುವ ಶಕ್ತಿಗಿಂತ ಹೆಚ್ಚಾಗಿ, ಸಣ್ಣ ಸಣ್ಣ ದೋಷಗಳನ್ನು ಕಂಡು ತಿದ್ದಿಕೊಳ್ಳುವ ಶಕ್ತಿ. ಬದಲಾವಣೆ ಒಮ್ಮೆಗೇ ನುಗ್ಗಿದಾಗ ಆ ಶಕ್ತಿ ಸಾಲದಾಯಿತು. ಆಧುನಿಕ ನಗರದ ಪರಿಸ್ಥಿತಿಯೂ ಇದೇ. ಇಲ್ಲಿ ತಿದ್ದಬೇಕಾದ ಅಂಶಗಳು ಅಸಂಖ್ಯ, ಕಾಲ ಸ್ವಲ್ಪ. ಒಬ್ಬನ ಬುದ್ಧಿ ಅಷ್ಟನ್ನೂ ಒಟ್ಟಿಗೆ ಹಿಡಿಯಲಾರದು.

ಇದಕ್ಕೆ ಗ್ರಂಥವು ಸೂಚಿಸುವ ಪರಿಹಾರ ಗಣಿತದ್ದು. ಮೊದಲು ಎಲ್ಲ ಅಗತ್ಯಗಳ ಪಟ್ಟಿಯನ್ನು ಮಾಡಬೇಕು. ಯಾವ ಯಾವ ಅಗತ್ಯಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆಂಬುದನ್ನು ಗುರುತಿಸಿ ಅವುಗಳ ನಡುವೆ ಗೆರೆಯೆಳೆಯಬೇಕು. ಆಗ ಒಂದು ಬಲೆಯಾಗುತ್ತದೆ. ಈ ಬಲೆಯನ್ನು, ಅತಿ ಕಡಮೆ ಗೆರೆಗಳು ಕತ್ತರಿಸುವ ಹಾಗೆ, ಗಣಕಯಂತ್ರವು ಭಾಗಗಳಾಗಿಯೂ ಉಪಭಾಗಗಳಾಗಿಯೂ ಒಡೆಯುತ್ತದೆ. ಪ್ರತಿಯೊಂದು ಉಪಭಾಗಕ್ಕೂ ರಚನಕಾರನು ಒಂದು ರೇಖಾಚಿತ್ರವನ್ನು ಕಲ್ಪಿಸಿ, ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತ ಹೋದರೆ ಇಡೀ ರೂಪ ಸಿದ್ಧಿಸುತ್ತದೆ. ಹೀಗೆ ಒಡೆದುದರ ಆಕಾರ ವೃಕ್ಷದ್ದು: ಒಂದು ಕಾಂಡ, ಅದರಿಂದ ಕೊಂಬೆಗಳು, ಕೊಂಬೆಯಿಂದ ರೆಂಬೆಗಳು; ಒಂದು ಕೊಂಬೆಯ ಎಲೆ ಇನ್ನೊಂದು ಕೊಂಬೆಗೆ ಸೇರಿದುದಲ್ಲ.

ಈ ವಿಧಾನವನ್ನು ಪ್ರಯೋಗಿಸಿ ತೋರಿಸಲು ಅವರು ಆರುನೂರು ಜನರಿರುವ ಒಂದು ಭಾರತೀಯ ಕೃಷಿಗ್ರಾಮದ ಪುನಾರಚನೆಯನ್ನು ಸಮಸ್ಯೆಯಾಗಿ ಇಟ್ಟುಕೊಂಡರು. ಇದು ಕುರ್ಚಿಯಲ್ಲಿ ಕುಳಿತು ಕಲ್ಪಿಸಿದ ಹಳ್ಳಿಯಲ್ಲ. ೧೯೬೦ರ ದಶಕದ ಆರಂಭದಲ್ಲಿ ಅವರು ಗುಜರಾತಿನ ಬಾವ್ರಾ ಎಂಬ ಗ್ರಾಮದಲ್ಲಿ ವಾಸಮಾಡಿ, ಅಲ್ಲಿ ಒಂದು ಪ್ರಾಥಮಿಕ ಶಾಲೆಯನ್ನೂ ಕಟ್ಟಿಸಿದವರು. ಪಟ್ಟಿಯಲ್ಲಿ ೧೪೧ ಅಂಶಗಳು ಸೇರಿದುವು. ಇವುಗಳನ್ನು ಎರಡೆರಡಾಗಿ ತೆಗೆದುಕೊಂಡರೆ ೯,೮೭೦ ಜೋಡಿಗಳಾಗುತ್ತವೆ. ಯಂತ್ರವು ಈ ಬಲೆಯನ್ನು ನಾಲ್ಕು ಮುಖ್ಯ ಭಾಗಗಳಾಗಿಯೂ ಹನ್ನೆರಡು ಉಪಭಾಗಗಳಾಗಿಯೂ ಒಡೆಯಿತು. ಸ್ಥೂಲವಾಗಿ ಹೇಳುವುದಾದರೆ ಮೊದಲನೆಯ ಭಾಗ ದನಕರು, ಗಾಡಿ, ಉರುವಲುಗಳಿಗೆ ಸಂಬಂಧಿಸಿದುದು. ಎರಡನೆಯದು ಬೇಸಾಯ, ನೀರಾವರಿಗಳದು. ಮೂರನೆಯದು ಗ್ರಾಮದ ಸಾಮುದಾಯಿಕ ಜೀವನದ್ದು. ನಾಲ್ಕನೆಯದು ಮನೆಯ ಒಳಗಿನ ಬಾಳಿನದು.

೩

ಈ ವಿಧಾನದ ಸೊಗಸನ್ನು ಯಾರೂ ಅಲ್ಲಗಳೆಯಲಾರರು. 'ಶಾಲೆ', 'ರಸ್ತೆ', 'ವಸತಿ' ಎಂಬ ರೂಢಿಯ ಶೀರ್ಷಿಕೆಗಳನ್ನು ಬಿಟ್ಟು, ಅಗತ್ಯಗಳು ತಮ್ಮತಮ್ಮೊಳಗೆ ಹೇಗೆ ಕೂಡಿಕೊಂಡಿವೆಯೆಂದು ನೋಡುವುದು ನಿಜವಾಗಿಯೂ ಹೊಸ ದೃಷ್ಟಿ. ಆದರೆ ವಿಮರ್ಶಕನು ಮೊದಲು ನೋಡಬೇಕಾದುದು ಯಂತ್ರದ ಕೆಲಸವನ್ನಲ್ಲ, ಯಂತ್ರಕ್ಕೆ ಕೊಟ್ಟ ಪಟ್ಟಿಯನ್ನು. ಗ್ರಂಥಕರ್ತರು ಇಡೀ ಪಟ್ಟಿಯನ್ನು ಅನುಬಂಧದಲ್ಲಿ ಅಚ್ಚುಮಾಡಿರುವುದರಿಂದ ಇದು ಸಾಧ್ಯವಾಗಿದೆ.

ಅಸ್ಪೃಶ್ಯತೆಯ ಭಾವನೆ, ಅಂದರೆ ಊರಿನ ಕೆಲವರನ್ನು ಮೈಲಿಗೆಯವರೆಂದು ಎಣಿಸುವುದು, ಈ ಪಟ್ಟಿಯ ಮೊದಲನೆಯ ಅಂಶ. ಒಂದೇ ಜಾತಿಯವರು ಒಟ್ಟಾಗಿ, ಇತರರಿಂದ ಬೇರೆಯಾಗಿ ಇರಲು ಬಯಸುತ್ತಾರೆಂಬುದು ಒಂಬತ್ತನೆಯದು. ಇಪ್ಪತ್ತೊಂದನೆಯ ಅಂಶವಾದರೋ ಅಸ್ಪೃಶ್ಯತೆಯ ನಿರ್ಮೂಲನ! ಬಾವಿ, ಗೊಬ್ಬರ, ಮಳೆಗಾಲದ ದಾರಿ ಮೊದಲಾದುವುಗಳ ಜೊತೆಗೆ ಇವೂ ಸಮಾನಸ್ಕಂಧರಾಗಿ ಕುಳಿತಿವೆ. ಒಂದನ್ನು ಪೂರೈಸಿದರೆ ಇನ್ನೊಂದು ಅಳಿಯಬೇಕಾದ ಎರಡು ಸಂಗತಿಗಳು ಒಂದೇ ಪಟ್ಟಿಯಲ್ಲಿ ಎರಡು ಚರಗಳಾಗಿವೆ.

ಅಲೆಕ್ಸಾಂಡರರು ಇದನ್ನು ಅಜ್ಞಾನದಿಂದ ಮಾಡಿದರೆಂದು ಹೇಳಲಾಗದು. ಪಟ್ಟಿಗೆ ಮೂರು ಮೂಲಗಳನ್ನು ಅವರು ಹೇಳಿದ್ದಾರೆ: ಗ್ರಾಮಸ್ಥರು ತಾವೇ ಸ್ಪಷ್ಟವಾಗಿ ಬೇಕೆನ್ನುವುವು, ದೇಶದ ಅಥವಾ ಪ್ರಾಂತದ ಆರ್ಥಿಕ ಸಾಮಾಜಿಕ ಉದ್ದೇಶಗಳು ಬೇಡುವುವು, ಯಾರೂ ಬಾಯಿಬಿಟ್ಟು ಕೇಳದಿದ್ದರೂ ಇರುವ ಊರಿನಲ್ಲಿ ಆಗಲೇ ನೆರವೇರುತ್ತಿರುವುವು. ಆದರೆ ಯಾವ ಅಂಶ ಯಾವ ಮೂಲದಿಂದ ಬಂದಿತೆಂದು ಅಂಶದ ಮುಂದೆ ಗುರುತಿಸಿಲ್ಲ. ಓದುಗನಿಗೆ ಸಹಜವಾಗಿ ಉಂಟಾಗುವ ಭಾವನೆಯೆಂದರೆ, ಅಸ್ಪೃಶ್ಯತೆ ಗ್ರಾಮದ್ದು, ಅದರ ನಿರ್ಮೂಲನ ದೆಹಲಿಯದು ಎಂಬುದು. ಇದು ನಿಜವೆ? ಭಾರತದ ಸಂವಿಧಾನವು ತನ್ನ ೧೭ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿ ಅದು ಜಾರಿಗೆ ಬಂದದ್ದು ೧೯೫೦ರಲ್ಲಿ. ಆದರೆ ಆ ನಿರ್ಮೂಲನವನ್ನು ಅದಕ್ಕಿಂತ ಎಷ್ಟೋ ಮೊದಲು ಬಯಸಿದವರು ಅದೇ ಹಳ್ಳಿಗಳ ಕೇರಿಗಳಲ್ಲಿ ಬಾಳುತ್ತಿದ್ದವರು. ಅವರೂ ಗ್ರಾಮಸ್ಥರೇ. ಆರುನೂರು ಜನರ 'ಗ್ರಾಮ' ಎಂದು ಒಂದೇ ಪದದಲ್ಲಿ ಹೇಳಿದಾಗ ಯಾರ ಧ್ವನಿ ಗ್ರಾಮದ ಧ್ವನಿಯಾಗುತ್ತದೆ? ಕನ್ನಡದಲ್ಲಿ 'ಊರು ಕೇರಿ' ಎಂದು ಎರಡು ಮಾತುಗಳನ್ನು ಜೊತೆಯಾಗಿ ಆಡುತ್ತೇವೆ. ಒಂದೇ ಮಾತು ಸಾಲದೆಂಬ ಅರಿವು ನುಡಿಯಲ್ಲಿಯೇ ಅಡಗಿದೆ. ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಹಳ್ಳಿಯ ಗುಣಗಾನವನ್ನು ಕಟುವಾಗಿ ಖಂಡಿಸಿದುದು ಈ ಕಾರಣದಿಂದಲೇ.

ವಿಧಾನದ ದೋಷ ಇಲ್ಲಿ ಸ್ಪಷ್ಟವಾಗುತ್ತದೆ. ಎರಡು ಅಂಶಗಳ ನಡುವೆ ಸಂಬಂಧವಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಅದು ಕೇಳುತ್ತದೆ. ಅವು ಪರಸ್ಪರ ಸಹಕಾರಿಗಳಾದರೂ ಒಂದು ಗೆರೆ, ಪರಸ್ಪರ ವಿರೋಧಿಗಳಾದರೂ ಒಂದು ಗೆರೆ. ಒಂದು ಅನ್ಯಾಯ, ಇನ್ನೊಂದು ಅದರ ಪರಿಹಾರ ಎಂಬ ಭೇದ ಆ ಗೆರೆಯಲ್ಲಿಲ್ಲ. ವಿರೋಧವಿದ್ದಲ್ಲಿ ಎರಡಕ್ಕೂ ಒಪ್ಪುವ ಒಂದು ರೂಪವನ್ನು ಹುಡುಕುವುದೇ ರಚನಕಾರನ ಕರ್ತವ್ಯವೆಂದು ವಿಧಾನವು ಎಣಿಸುತ್ತದೆ. ನೀರು ಮತ್ತು ಇಳಿಜಾರಿನ ವಿಷಯದಲ್ಲಿ ಇದು ಸರಿ. ಮೈಲಿಗೆ ಮತ್ತು ಮಾನವತ್ವದ ವಿಷಯದಲ್ಲಿ ಎರಡಕ್ಕೂ ಒಪ್ಪುವ ರೂಪವೊಂದು ಇರಲಾರದು, ಇರಲೂ ಬಾರದು. ಇಲ್ಲಿ ಆಗಬೇಕಾದುದು ನಿರ್ಣಯ, ಹೊಂದಾಣಿಕೆಯಲ್ಲ.

೪

'ಎ ಸಿಟಿ ಈಸ್ ನಾಟ್ ಎ ಟ್ರೀ' ಎಂಬ ಪ್ರಬಂಧವು ೧೯೬೫ರಲ್ಲಿ 'ಆರ್ಕಿಟೆಕ್ಚರಲ್ ಫೋರಂ' ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಪ್ರಕಟವಾಯಿತು. ಶೀರ್ಷಿಕೆಯ 'ಮರ' ನೆರಳು ಕೊಡುವ ಮರವಲ್ಲ. ಮೇಲೆ ವಿವರಿಸಿದ ಗಣಿತದ ವೃಕ್ಷ. ವೃಕ್ಷದಲ್ಲಿ ಯಾವ ಎರಡು ಗಣಗಳನ್ನು ತೆಗೆದುಕೊಂಡರೂ ಒಂದು ಇನ್ನೊಂದರೊಳಗೆ ಪೂರ್ತಿಯಾಗಿ ಅಡಗಿರುತ್ತದೆ, ಇಲ್ಲವೆ ಎರಡಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಅರ್ಧಜಾಲಕದಲ್ಲಿ, ಅಂದರೆ ಸೆಮಿಲ್ಯಾಟಿಸ್‌ನಲ್ಲಿ, ಗಣಗಳು ಒಂದರ ಮೇಲೊಂದು ಹಾಯಬಹುದು. ಹಾಗೆ ಹಾಯ್ದ ಭಾಗವೂ ಒಂದು ಗಣವಾಗಿ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ಅಂಶಗಳಿಂದ ಕಟ್ಟಿದ ವೃಕ್ಷದಲ್ಲಿ ಹೆಚ್ಚೆಂದರೆ ಹತ್ತೊಂಬತ್ತು ಉಪಗಣಗಳಿರಬಹುದು. ಅದೇ ಇಪ್ಪತ್ತರಿಂದಾದ ಅರ್ಧಜಾಲಕದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಇರಬಹುದು. ಸಹಜವಾಗಿ ಬೆಳೆದ ನಗರ ಅರ್ಧಜಾಲಕ, ಯೋಜಕರು ಕಾಗದದ ಮೇಲೆ ಹುಟ್ಟಿಸಿದ ನಗರ ವೃಕ್ಷ ಎಂಬುದು ಪ್ರಬಂಧದ ಸಾರ.

ಅಲ್ಲಿ ಬರುವ ಬರ್ಕ್‌ಲಿ ನಗರದ ಬೀದಿಮೂಲೆಯ ವರ್ಣನೆ ಪ್ರಸಿದ್ಧವಾಗಿದೆ. ಔಷಧದ ಅಂಗಡಿಯ ಬಾಗಿಲಲ್ಲಿ ದಿನಪತ್ರಿಕೆಗಳನ್ನು ಇರಿಸಿದೆ, ಎದುರಿಗೆ ಸಂಚಾರದೀಪ. ದೀಪ ಕೆಂಪಾದಾಗ ದಾಟಲು ನಿಂತವರು ಪತ್ರಿಕೆಗಳ ತಲೆಬರೆಹಗಳ ಮೇಲೆ ಕಣ್ಣಾಡಿಸುತ್ತಾರೆ, ಕೆಲವರು ಕೊಳ್ಳುತ್ತಾರೆ. ದೀಪ ಸಂಚಾರ ಇಲಾಖೆಯದು, ಪತ್ರಿಕೆ ವ್ಯಾಪಾರದ್ದು, ಕಾಲುಹಾದಿ ಪುರಸಭೆಯದು. ಆದರೆ ಈ ಮೂರೂ ಕೂಡಿ ಬೀದಿಯ ಜೀವನದ ಒಂದು ಘಟಕವಾಗಿವೆ. ಯಾವ ಯೋಜನೆಯ ವೃಕ್ಷದಲ್ಲಿಯೂ ಈ ಘಟಕಕ್ಕೆ ಸ್ಥಳವಿಲ್ಲ. ನಮ್ಮ ಓದುಗರು ಇದಕ್ಕೆ ಸಮನಾದುದನ್ನು ಅರಳಿಕಟ್ಟೆಯಲ್ಲಿ ಕಂಡಿರಬಹುದು. ಪೂಜೆ, ಪಂಚಾಯಿತಿ, ದಾರಿಹೋಕರ ವಿಶ್ರಾಂತಿ, ಹುಡುಗರ ಆಟ ಎಲ್ಲವೂ ಒಂದೇ ಕಟ್ಟೆಯ ಮೇಲೆ ಹಾಯುತ್ತವೆ.

ಯೋಜಕರು ವೃಕ್ಷವನ್ನೇ ಏಕೆ ರಚಿಸುತ್ತಾರೆ? ಮನಸ್ಸಿನ ಸ್ವಭಾವವೇ ಕಾರಣವೆಂದು ಅಲೆಕ್ಸಾಂಡರರು ಹೇಳುತ್ತಾರೆ. ಕಿತ್ತಳೆ, ಕಲ್ಲಂಗಡಿ, ಟೆನ್ನಿಸ್ ಚೆಂಡು, ಫುಟ್‌ಬಾಲ್ ಎಂಬ ನಾಲ್ಕನ್ನು ಹಣ್ಣುಗಳೆಂದೂ ಚೆಂಡುಗಳೆಂದೂ ವಿಂಗಡಿಸಬಹುದು. ದೊಡ್ಡವು ಚಿಕ್ಕವು ಎಂದೂ ವಿಂಗಡಿಸಬಹುದು. ಎರಡು ವಿಂಗಡಣೆಗಳನ್ನೂ ಒಂದೇ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿಯುವುದು ಮಾತ್ರ ಕಷ್ಟ. ಹಿಂದಿನ ವರ್ಷ ಹಳ್ಳಿಯನ್ನು ವೃಕ್ಷವಾಗಿ ಒಡೆದವರೇ ಈ ಮಾತನ್ನು ಹೇಳುತ್ತಿರುವುದನ್ನು ಗಮನಿಸಬೇಕು.

೫

ಪ್ರಬಂಧವು ಒಂಬತ್ತು ಯೋಜಿತ ನಗರಗಳನ್ನೂ ನಗರಕಲ್ಪನೆಗಳನ್ನೂ ಪರೀಕ್ಷಿಸಿ ಎಲ್ಲವನ್ನೂ ವೃಕ್ಷಗಳೆಂದು ತೋರಿಸುತ್ತದೆ. ೧೯೫೧ರಲ್ಲಿ ಲ ಕಾರ್ಬೂಸಿಯೇ ಯೋಜಿಸಿದ ಚಂಡೀಗಢವೂ ಅವುಗಳಲ್ಲೊಂದು. ೮೦೦ ಮೀಟರ್ ಅಗಲ, ೧,೨೦೦ ಮೀಟರ್ ಉದ್ದದ ಸೆಕ್ಟರುಗಳು. ಪ್ರತಿಯೊಂದಕ್ಕೂ ಅದರದೇ ಅಂಗಡಿ, ಶಾಲೆ. ಮಧ್ಯದಲ್ಲಿ ವಾಣಿಜ್ಯಕೇಂದ್ರ, ನೆತ್ತಿಯಲ್ಲಿ ಆಡಳಿತಕೇಂದ್ರ. ನಕ್ಷೆಯಾಗಿ ಇದು ನಿಸ್ಸಂದೇಹವಾಗಿ ವೃಕ್ಷವೇ.

ಆದರೆ ನಕ್ಷೆಯ ದೋಷದಿಂದ ನಗರದ ದೋಷವನ್ನು ಅನುಮಾನಿಸುವುದು ಎಷ್ಟರಮಟ್ಟಿಗೆ ಯುಕ್ತ? ಅದೇ ಚಂಡೀಗಢದ ಅಂಚಿನ ಕಾಡುಭೂಮಿಯಲ್ಲಿ ನೇಕ್ ಚಂದ್ ಎಂಬ ಸರಕಾರಿ ರಸ್ತೆ ಇನ್ಸ್‌ಪೆಕ್ಟರು ೧೯೫೦ರ ದಶಕದ ಕೊನೆಯಿಂದ ಗುಟ್ಟಾಗಿ, ನಗರವನ್ನು ಕಟ್ಟಲು ಕೆಡವಿದ ಹಳ್ಳಿಗಳ ಒಡಕು ಮಡಕೆ, ಹೆಂಚು, ಕಲ್ಲುಗಳನ್ನು ತಂದು ಶಿಲ್ಪೋದ್ಯಾನವೊಂದನ್ನು ನಿರ್ಮಿಸಿದರು. ಅಧಿಕಾರಿಗಳ ಕಣ್ಣಿಗೆ ಅದು ಬಿದ್ದುದು ೧೯೭೦ರ ದಶಕದಲ್ಲಿ. ಸಾರ್ವಜನಿಕರಿಗೆ ತೆರೆದದ್ದು ೧೯೭೬ರಲ್ಲಿ. ಯೋಜನೆಯ ಯಾವ ಕೊಂಬೆಗೂ ಸೇರದ ಆ ಉದ್ಯಾನ ನಗರದ ಹೆಸರುವಾಸಿಯಾದ ಸ್ಥಳಗಳಲ್ಲಿ ಒಂದಾಯಿತು. ವೃಕ್ಷದಂತೆ ಯೋಜಿಸಿದ ನಗರದಲ್ಲಿ ಜನರು ವೃಕ್ಷದಂತೆ ಬಾಳಲಿಲ್ಲ. ಅಲೆಕ್ಸಾಂಡರರ ಪ್ರಬಂಧ ಯೋಜಕನ ರೇಖೆಗೆ ಅತಿಯಾದ ಶಕ್ತಿಯನ್ನು ಒಪ್ಪಿಸಿಬಿಡುತ್ತದೆ. ರೇಖೆಯನ್ನು ಮೀರುವ ನಿವಾಸಿಯನ್ನು ಅದು ಕಾಣುವುದಿಲ್ಲ.

ಇನ್ನೂ ಮುಖ್ಯವಾದ ಆಕ್ಷೇಪವೊಂದಿದೆ. ದೋಷವೆಲ್ಲ ಆಕಾರದ್ದೆಂದು ಪ್ರಬಂಧ ಹೇಳುತ್ತದೆ. ಬಾವ್ರಾದ ಪಟ್ಟಿಯನ್ನು ವೃಕ್ಷಕ್ಕೆ ಬದಲಾಗಿ ಅರ್ಧಜಾಲಕವಾಗಿ ವಿಂಗಡಿಸಿದ್ದರೆ ಏನಾಗುತ್ತಿತ್ತು? ಗಣಗಳು ಒಂದರ ಮೇಲೊಂದು ಹಾಯುತ್ತಿದ್ದುವು. ಆದರೂ ಮೊದಲನೆಯ ಅಂಶ ಮೊದಲನೆಯದಾಗಿಯೇ, ಇಪ್ಪತ್ತೊಂದನೆಯದು ಇಪ್ಪತ್ತೊಂದನೆಯದಾಗಿಯೇ ಉಳಿಯುತ್ತಿದ್ದುವು. ಪಟ್ಟಿಯನ್ನು ಬರೆದವರಾರು, ಯಾರನ್ನು ಕೇಳಿ ಬರೆದರು ಎಂಬ ಪ್ರಶ್ನೆಯನ್ನು ಆಕಾರದ ತಿದ್ದುಪಡಿ ಮುಟ್ಟುವುದೇ ಇಲ್ಲ. ನಾವು ಆರಂಭದಲ್ಲಿ ತಪ್ಪಿನ ಅರ್ಧಭಾಗವೆಂದು ಹೇಳಿದುದರ ಅರ್ಥ ಇದು. ಅವರು ೧೯೭೧ರ ಮುದ್ರಣದ ಮುನ್ನುಡಿಯಲ್ಲಿ ವಿನ್ಯಾಸವಿಧಾನಗಳೆಂಬ ಶಾಸ್ತ್ರವನ್ನೇ ತಿರಸ್ಕರಿಸಿದರು. ೧೯೭೭ರಲ್ಲಿ ಸಹೋದ್ಯೋಗಿಗಳೊಡನೆ ೨೫೩ ವಿನ್ಯಾಸಸೂತ್ರಗಳ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' ಗ್ರಂಥವನ್ನು ಹೊರತಂದು, ವಾಸಿಸುವವರೇ ತಮ್ಮ ಮನೆ ಬೀದಿಗಳನ್ನು ರೂಪಿಸಬೇಕೆಂದು ವಾದಿಸಿದರು. ಪ್ರಶ್ನೆಯ ಉಳಿದರ್ಧದ ಕಡೆಗೆ ಅವರು ತಿರುಗಿದರೆಂಬುದಕ್ಕೆ ಇದು ಸಾಕ್ಷಿ. ಆದರೆ ವಾಸಿಸುವವರೊಳಗೇ ಊರು ಕೇರಿಗಳ ಭೇದವಿದ್ದಾಗ ಸೂತ್ರಗಳನ್ನು ಆರಿಸುವವರು ಯಾರು ಎಂಬುದು ಅಲ್ಲಿಯೂ ಬಗೆಹರಿದಿಲ್ಲ.

೬

ಈ ದೋಷ ಅಲೆಕ್ಸಾಂಡರರೊಬ್ಬರದೇ ಆಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. ಜೇ ಫಾರೆಸ್ಟರರ 'ಅರ್ಬನ್ ಡೈನಮಿಕ್ಸ್' (೧೯೬೯) ನಗರದ ಉದ್ಯಮ, ವಸತಿ, ಜನಸಂಖ್ಯೆಗಳನ್ನು ಸಮೀಕರಣಗಳಲ್ಲಿ ಕಟ್ಟಿ ೨೫೦ ವರ್ಷಗಳ ಗತಿಯನ್ನು ಯಂತ್ರದಲ್ಲಿ ನಡೆಸಿ ನೋಡಿತು. ಬಡವರಿಗೆ ಅಗ್ಗದ ಮನೆಗಳನ್ನು ಕಟ್ಟುವುದು ನಗರಕ್ಕೆ ಹಾನಿಕರವೆಂದೂ, ವರ್ಷಕ್ಕೆ ನೂರಕ್ಕೆ ಐದರಂತೆ ಕೊಳೆಗೇರಿಯ ಮನೆಗಳನ್ನು ಕೆಡವುವುದು ಹಿತಕರವೆಂದೂ ಅದು ತೀರ್ಮಾನಿಸಿತು. ನಗರದ ಸುತ್ತ ಎಲ್ಲೆಯಿಲ್ಲದ ಹೊರಪ್ರದೇಶವೊಂದಿದೆ ಎಂಬುದು ಆ ಮಾದರಿಯ ಕಲ್ಪನೆ. ಮನೆ ಕಳೆದುಕೊಂಡವರು ಅಲ್ಲಿಗೆ ಹೋದ ಕೂಡಲೆ ಲೆಕ್ಕದಿಂದ ಹೊರಗಾಗುತ್ತಾರೆ. ಅವರ ಸುಖದುಃಖ ನಗರದ ಸುಖದುಃಖವಲ್ಲವೆಂಬ ನಿರ್ಣಯವನ್ನು ಯಂತ್ರ ಮಾಡಲಿಲ್ಲ. ಎಲ್ಲೆಯನ್ನು ಎಳೆದವರು ಮಾಡಿದರು. ೧೯೭೩ರಲ್ಲಿ ಡಗ್ಲಾಸ್ ಲೀ ಇಂಥ ಬೃಹನ್ಮಾದರಿಗಳ ಏಳು ಪಾಪಗಳನ್ನು ಎಣಿಸಿ, ಮಾದರಿಯ ಒಳಗು ಬಳಸುವವರಿಗೆ ಪಾರದರ್ಶಕವಾಗಿರಬೇಕೆಂದು ಒತ್ತಿ ಹೇಳಿದರು.

ಬಿಲ್ ಹಿಲ್ಲಿಯರ್ ಮತ್ತು ಜೂಲಿಯೆನ್ ಹ್ಯಾನ್ಸನ್ನರು 'ದಿ ಸೋಷಿಯಲ್ ಲಾಜಿಕ್ ಆಫ್ ಸ್ಪೇಸ್' (೧೯೮೪) ಗ್ರಂಥದಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಅಗತ್ಯಗಳ ಪಟ್ಟಿಯನ್ನು ಬಿಟ್ಟು, ಬೀದಿ ಬೀದಿಗಳ ಜೋಡಣೆಯನ್ನೇ ಅಳೆದು, ಎಷ್ಟು ತಿರುವುಗಳಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗಬಹುದೆಂದು ಎಣಿಸಿದರು. ಎಣಿಕೆಯನ್ನು ಜನರ ನಿಜವಾದ ಓಡಾಟದೊಡನೆ ಹೋಲಿಸಿ ಪರೀಕ್ಷಿಸಬಹುದಾಗಿರುವುದು ಈ ಮಾರ್ಗದ ದೊಡ್ಡ ಗುಣ. ೨೦೦೩ರಲ್ಲಿ ಪೂರ್ಣಗೊಂಡ ಲಂಡನ್ನಿನ ಟ್ರಫಾಲ್ಗರ್ ಚೌಕದ ಪುನಾರಚನೆಯಲ್ಲಿ ಇದು ಉಪಯೋಗಕ್ಕೆ ಬಂದಿತು. ದೂರ, ಕಟ್ಟಡಗಳ ಎತ್ತರ ಮೊದಲಾದುವನ್ನು ಇದು ಕಡೆಗಣಿಸುತ್ತದೆಂದು ೨೦೦೪ರಲ್ಲಿ ಕಾರ್ಲೊ ರಾಟಿ ಆಕ್ಷೇಪಿಸಿದರು.

ನಮ್ಮ ಆಕ್ಷೇಪ ಇನ್ನೊಂದು. ನಕ್ಷೆಯಲ್ಲಿ ತೆರೆದಿರುವ ದಾರಿ ನಡೆಯುವವರೆಲ್ಲರಿಗೂ ತೆರೆದಿದೆಯೆ? ಕೊಂಕಣದ ಮಹಾಡಿನ ಚವದಾರ್ ಕೆರೆಯನ್ನು ನೋಡೋಣ. ಸಾರ್ವಜನಿಕ ಜಲಾಶಯಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ೧೯೨೩ರಲ್ಲಿ ನಿರ್ಣಯ ಮಾಡಿತು. ಮರುವರ್ಷ ಮಹಾಡಿನ ಪುರಸಭೆಯೂ ಆ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಘೋಷಿಸಿತು. ದಾರಿಯಿತ್ತು, ನೀರಿತ್ತು, ನಿರ್ಣಯವಿತ್ತು. ಆದರೂ ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರೂ ಸಾವಿರಾರು ಅನುಯಾಯಿಗಳೂ ನಡೆದುಹೋಗಿ ಆ ನೀರನ್ನು ಕುಡಿದಾಗ ಅವರ ಮೇಲೆ ಹಲ್ಲೆಯಾಯಿತು, ಕೆರೆಗೆ 'ಶುದ್ಧಿ' ನಡೆಯಿತು. ನ್ಯಾಯಾಲಯದಲ್ಲಿ ಹಕ್ಕು ಸ್ಥಿರಪಟ್ಟಿದ್ದು ೧೯೩೭ರಲ್ಲಿ. ಬೀದಿಗಳ ಜೋಡಣೆಯನ್ನು ಎಷ್ಟು ಸೂಕ್ಷ್ಮವಾಗಿ ಎಣಿಸಿದರೂ ಆ ಹತ್ತು ವರ್ಷಗಳು ಎಣಿಕೆಯಲ್ಲಿ ಕಾಣಿಸುವುದಿಲ್ಲ.

೭

ಇಷ್ಟರಿಂದ ಮಾದರಿಗಳು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ನೀರಿನ ಹರಿವು, ವಾಹನಗಳ ದಟ್ಟಣೆ, ಆಸ್ಪತ್ರೆಗಳ ದೂರ ಮೊದಲಾದುವನ್ನು ಲೆಕ್ಕವಿಲ್ಲದೆ ತಿಳಿಯುವುದು ಅಸಾಧ್ಯ. ಲೆಕ್ಕವನ್ನು ಬಿಟ್ಟವನ ಯೋಜನೆ ಅವನ ಇಷ್ಟಾನಿಷ್ಟಗಳಿಗೆ ಹೆಚ್ಚು ದಾಸವಾಗುತ್ತದೆಯೇ ಹೊರತು ಕಡಮೆಯಲ್ಲ. ಅಲೆಕ್ಸಾಂಡರರ 'ನೋಟ್ಸ್' ಗ್ರಂಥದಿಂದ ನಾವು ಕಲಿಯಬೇಕಾದ ದೊಡ್ಡ ಪಾಠ ಅವರ ಗಣಿತವಲ್ಲ, ಅವರ ಅನುಬಂಧ. ೧೪೧ ಅಂಶಗಳನ್ನೂ ಮುಚ್ಚುಮರೆಯಿಲ್ಲದೆ ಅಚ್ಚುಹಾಕಿದುದರಿಂದಲೇ ಇಷ್ಟು ವರ್ಷಗಳ ಮೇಲೆ ನಾವು ಅವರನ್ನು ಪ್ರಶ್ನಿಸಲು ಸಾಧ್ಯವಾಯಿತು. ಇಂದಿನ ಅನೇಕ ಮಾದರಿಗಳ ಪಟ್ಟಿ ಯಾವುದು, ಎಲ್ಲೆ ಎಲ್ಲಿ ಎಂಬುದು ನಿವಾಸಿಗಳಿಗಿರಲಿ, ಅವನ್ನು ಬಳಸುವವರಿಗೂ ತಿಳಿಯುವುದಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ಒಂದು ಸೂಚನೆಯನ್ನು ಮಾಡಿ ಈ ಲೇಖನವನ್ನು ಮುಗಿಸಬಹುದು. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಬಡಾವಣೆಯನ್ನೋ ಸಂತೆಯನ್ನೋ ಸಮೀಕ್ಷೆಮಾಡಿ ಯಂತ್ರಕ್ಕೆ ಕೊಡುವಾಗ, ಪ್ರತಿಯೊಂದು ಅಂಶದ ಮುಂದೆಯೂ ಅದನ್ನು ಹೇಳಿದವರು ಯಾರು, ಯಾವ ಬೀದಿಯವರು, ಅವರನ್ನು ಎಲ್ಲಿ ನಿಲ್ಲಿಸಿ ಕೇಳಲಾಯಿತು ಎಂಬುದನ್ನು ಬರೆಯಿಸಬೇಕು. ಕೇಳದೆ ಬಿಟ್ಟವರ ವಿಷಯವಾಗಿ ಒಂದು ಪ್ರತ್ಯೇಕ ಹಾಳೆಯನ್ನು ಇಡಿಸಬೇಕು. ಯಂತ್ರಕ್ಕೆ ಆ ಹಾಳೆಯಿಂದ ಪ್ರಯೋಜನವಿಲ್ಲದಿರಬಹುದು. ಯಂತ್ರದ ಉತ್ತರವನ್ನು ಓದುವವರಿಗೆ ಅದು ಅವಶ್ಯವಾಗಿ ಬೇಕು.